ಮನೆಯ ಸ್ಟೀರಿಯೋ, ಕಿವಿಯ ಯಂತ್ರ

ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾಗಿ ಬಹಳ ವರ್ಷಗಳಾದವು. ಅವರ ಮನೆಯ ಹಜಾರದಲ್ಲಿ ಹಳೆಯ ಸ್ಟೀರಿಯೋ ಒಂದಿದೆ. ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು, ನಡುವೆ ಕ್ಯಾಸೆಟ್ ಡೆಕ್ಕು, ಅದರ ಮೇಲೆ ಮಕ್ಕಳು ತಂದುಕೊಟ್ಟ ಸಿ.ಡಿ. ಪ್ಲೇಯರು. ಸಂಜೆಯ ಹೊತ್ತು ಅವರನ್ನು ನೋಡಲು ಹೋದರೆ, ಹಾಕಿದ ರಾಗ ಮುಗಿಯುವವರೆಗೂ ಬಾಯಿ ಮುಚ್ಚಿ ಕೂರಬೇಕಿತ್ತು. ಎಂಬತ್ತರ ಹತ್ತಿರ ಬಂದಾಗ ಅವರ ಕಿವಿ ಮಂದವಾಯಿತು. ಮೊಮ್ಮಕ್ಕಳ ಮಾತು ತಿಳಿಯದೆ ಸುಮ್ಮನೆ ತಲೆಯಾಡಿಸುವುದು ಹೆಚ್ಚಾದಾಗ, ಮನೆಯವರು ಒತ್ತಾಯ ಮಾಡಿ ಎರಡೂ ಕಿವಿಗೆ ಡಿಜಿಟಲ್ ಶ್ರವಣ ಸಾಧನ ಹಾಕಿಸಿದರು. ಹದಿನೈದು ದಿನ ಬಿಟ್ಟು ಹೋದೆ. "ಹೇಗಿದೆ ಸಾರ್?" ಎಂದು ಕೇಳಿದೆ.

"ಮಾತು ಬಂತಯ್ಯ, ತಂಬೂರಿ ಹೋಯಿತು" ಎಂದರು.

ವಯಸ್ಸಾದವರ ಗೊಣಗಾಟ ಎಂದು ನಾನು ಅದನ್ನು ಅಂದು ತಳ್ಳಿಹಾಕಿದ್ದೆ. ಅದು ತಪ್ಪು. ಮೇಷ್ಟ್ರು ಹೇಳಿದ್ದು ಒಂದು ನಿಖರವಾದ ವೈಜ್ಞಾನಿಕ ಅವಲೋಕನ. ಸಾಧನ ಕೆಟ್ಟಿರಲಿಲ್ಲ, ಅದು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಆ ಕೆಲಸ ಸಂಗೀತ ಕೇಳಿಸುವುದಲ್ಲ. ಏಕೆ ಹೀಗಾಯಿತು ಎಂದು ತಿಳಿಯಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಇಬ್ಬರು ಸಂಶೋಧಕರು, ಎರಡು ಯಂತ್ರಗಳು

ಟೆಲಿಫೋನು 1876ರದು, ಫೋನೋಗ್ರಾಫು 1877ರದು. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡು ಯಂತ್ರಗಳಿಗೂ ಕಿವುಡುತನಕ್ಕೂ ಹತ್ತಿರದ ನಂಟಿದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರ ಪತ್ನಿ ಮೇಬೆಲ್ ಚಿಕ್ಕಂದಿನ ಜ್ವರದಲ್ಲಿ ಶ್ರವಣಶಕ್ತಿ ಕಳೆದುಕೊಂಡವರು. ಬೆಲ್ ಸ್ವತಃ ಕಿವುಡ ಮಕ್ಕಳ ಶಿಕ್ಷಕ. ಫೋನೋಗ್ರಾಫನ್ನು ಕೊಟ್ಟ ಥಾಮಸ್ ಆಲ್ವಾ ಎಡಿಸನ್‌ಗೆ ಬಾಲ್ಯದಿಂದಲೇ ಕಿವಿ ಮಂದ. ತನ್ನ ಯಂತ್ರದಲ್ಲಿ ಹಾಡು ಕೇಳಬೇಕೆನಿಸಿದಾಗ ಎಡಿಸನ್ ಅದರ ಮರದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ಮರದ ಕಂಪನ ಹಲ್ಲು, ದವಡೆ, ತಲೆಬುರುಡೆಗಳ ಮೂಲಕ ನೇರವಾಗಿ ಒಳಗಿವಿಗೆ ತಲಪುತ್ತಿತ್ತು. ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಶ್ರುತಿಕವೆಯನ್ನು ಮಿಡಿದು, ಅದರ ಸದ್ದು ಗಾಳಿಯಲ್ಲಿ ಕೇಳದಷ್ಟು ಕ್ಷೀಣಿಸಿದ ಮೇಲೆ ಅದರ ಹಿಡಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಕಚ್ಚಿ ನೋಡಿ: ಸ್ವರ ಮತ್ತೆ ಕೇಳುತ್ತದೆ. ಧ್ವನಿಮುದ್ರಿತ ಸಂಗೀತ ಕೇಳಿಸುವ ಮೊಟ್ಟಮೊದಲ ಯಂತ್ರವನ್ನು ಮಾಡಿದವನೇ ಅದನ್ನು ಕಚ್ಚಿ ಕೇಳಬೇಕಾಯಿತು ಎಂಬುದು ವಿಜ್ಞಾನದ ಇತಿಹಾಸದ ವಿಚಿತ್ರಗಳಲ್ಲೊಂದು.

ಅದಕ್ಕೆ ಮುಂಚೆ ಕಿವಿ ಮಂದವಾದವರಿಗೆ ಇದ್ದದ್ದು ಕೊಂಬು ಅಥವಾ ತುತ್ತೂರಿಯ ಆಕಾರದ ನಳಿಗೆಗಳು. ಸಂಗೀತಗಾರ ಬೀಥೋವನ್‌ಗೆ ಮೆಲ್ಜೆಲ್ ಎಂಬ ಕುಶಲಿ ಮಾಡಿಕೊಟ್ಟ ಅಂತಹ ನಳಿಗೆಗಳು ಇಂದಿಗೂ ಉಳಿದಿವೆ. ವಿದ್ಯುತ್ತಿನ ಶ್ರವಣ ಸಾಧನ ಬಂದದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ, ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಅವರಿಂದ. (ಈ ಹಚಿಸನ್ ಮುಂದೆ ಎಡಿಸನ್ ಅವರ ಮುಖ್ಯ ಎಂಜಿನಿಯರ್ ಆದರು.) ಅವರು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ, ಟೆಲಿಫೋನಿನ ಬಿಡಿಭಾಗಗಳನ್ನೇ ತೆಗೆದುಕೊಂಡರು. ಟೆಲಿಫೋನಿನ ಮೈಕ್ರೋಫೋನಿನಲ್ಲಿ ಒಂದು ತೆಳು ತಗಡಿನ ಹಿಂದೆ ಇಂಗಾಲದ ಕಣಗಳಿರುತ್ತಿದ್ದವು. ಶಬ್ದದ ಒತ್ತಡಕ್ಕೆ ಕಣಗಳು ಅಡಕವಾದಾಗ ರೋಧ ಇಳಿದು ವಿದ್ಯುತ್ ಪ್ರವಾಹ ಏರುತ್ತದೆ, ಸಡಿಲವಾದಾಗ ಇಳಿಯುತ್ತದೆ. ಈ ಮೈಕ್ರೋಫೋನು, ಒಂದು ಬ್ಯಾಟರಿ, ಕಿವಿಗೆ ಹಿಡಿಯುವ ಒಂದು ಟೆಲಿಫೋನ್ ರಿಸೀವರು ಸೇರಿದರೆ ಹಚಿಸನ್ ಸಾಧನ ಆಯಿತು. ಅಂದರೆ ಶ್ರವಣ ಸಾಧನವೆಂದರೆ ಮೈಮೇಲೆ ಕಟ್ಟಿಕೊಂಡ ಟೆಲಿಫೋನು. ಈ ಮಾತನ್ನು ನೆನಪಿನಲ್ಲಿಡಿ.

ಟೆಲಿಫೋನಿಗೆ ಬೇಕಾದದ್ದು ಮಾತು, ಅದೂ ಕಡಿಮೆ ಖರ್ಚಿನಲ್ಲಿ. ಮುಂದೆ ಟೆಲಿಫೋನ್ ಜಾಲದಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಆವೃತ್ತಿಗಳು ದಾಟಿದರೆ ಸಾಕೆಂದು ನಿಗದಿಯಾಯಿತು. ಗಂಡಸಿನ ದನಿಯ ಮೂಲ ಆವೃತ್ತಿ 120 ಹರ್ಟ್ಸ್ ಆಸುಪಾಸಿನದು. ಅದು ಈ ತಂತಿಯಲ್ಲಿ ಹಾಯುವುದೇ ಇಲ್ಲ. ಆದರೂ ಫೋನಿನಲ್ಲಿ ಅಪ್ಪನ ದನಿ ಅಮ್ಮನ ದನಿಯಂತೆ ಕೇಳುವುದಿಲ್ಲ. 360, 480, 600 ಹರ್ಟ್ಸ್‌ಗಳ ಮೇಲ್‌ಸ್ವರಗಳು ತಲಪಿದರೆ ಸಾಕು, ಅವುಗಳ ನಡುವಣ ಸಮ ಅಂತರವನ್ನು ಗ್ರಹಿಸಿ ಮಿದುಳು 120ನ್ನು ತಾನೇ ತುಂಬಿಕೊಳ್ಳುತ್ತದೆ. ಮಾತಿನ ವಿಷಯದಲ್ಲಿ ನಮ್ಮ ಶ್ರವಣೇಂದ್ರಿಯ ಅಷ್ಟು ಉದಾರಿ.

ಫ್ಲೆಚರ್ ಎಂಬ ಕೊಂಡಿ

ಈ ಕಥೆಯ ಎರಡು ಕವಲುಗಳೂ ಒಬ್ಬ ವ್ಯಕ್ತಿಯ ಕೈಯಲ್ಲಿ ಹಾದುಹೋಗುತ್ತವೆ. ಅವರು ಹಾರ್ವೆ ಫ್ಲೆಚರ್ (1884–1981). ಪಿ.ಯು. ತರಗತಿಯಲ್ಲಿ ಮಿಲಿಕನ್ ಅವರ ಎಣ್ಣೆ ಹನಿ ಪ್ರಯೋಗ ಕಲಿಸುವ ಅಧ್ಯಾಪಕರಿಗೆ ಈ ಹೆಸರು ಗೊತ್ತಿರಬೇಕಿತ್ತು; ಬಹುಮಂದಿಗೆ ಗೊತ್ತಿಲ್ಲ. ಶಿಕಾಗೋದಲ್ಲಿ ಮಿಲಿಕನ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಫ್ಲೆಚರ್ ಆ ಉಪಕರಣವನ್ನು ಕಟ್ಟಿ, ಹನಿಗಳನ್ನು ದಿನಗಟ್ಟಲೆ ನೋಡಿದವರು. ಎಲೆಕ್ಟ್ರಾನಿನ ಆವೇಶವನ್ನು ಕುರಿತ ಪ್ರಬಂಧ ಮಾತ್ರ ಮಿಲಿಕನ್ ಒಬ್ಬರ ಹೆಸರಿನಲ್ಲಿ ಪ್ರಕಟವಾಯಿತು. 1923ರ ನೊಬೆಲ್ ಪಾರಿತೋಷಕ ಮಿಲಿಕನ್‌ಗೆ ಹೋಯಿತು. ಈ ಬಗ್ಗೆ ಫ್ಲೆಚರ್ ಬರೆದಿಟ್ಟಿದ್ದ ಟಿಪ್ಪಣಿ ಅವರ ಮರಣಾನಂತರ, 1982ರಲ್ಲಿ ಬೆಳಕು ಕಂಡಿತು.

1916ರಲ್ಲಿ ಫ್ಲೆಚರ್ ಟೆಲಿಫೋನ್ ಉಪಕರಣಗಳನ್ನು ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಅದರ ಸಂಶೋಧನ ವಿಭಾಗವೇ 1925ರಲ್ಲಿ ಬೆಲ್ ಪ್ರಯೋಗಾಲಯವಾಯಿತು. ಅಲ್ಲಿ ಅವರ ಮುಂದಿದ್ದ ಪ್ರಶ್ನೆ: ಮಾತು ತಿಳಿಯಲು ಕನಿಷ್ಠ ಏನು ಬೇಕು? ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಒಬ್ಬರಿಂದ ಓದಿಸಿ, ನಡುವೆ ಸೋಸುಮಂಡಲ ಇಟ್ಟು ಕೆಲವು ಆವೃತ್ತಿಗಳನ್ನು ತಡೆದು, ಕೇಳುಗರು ಎಷ್ಟನ್ನು ಸರಿಯಾಗಿ ಬರೆದರು ಎಂದು ಎಣಿಸುವುದು ವಿಧಾನ. ಇದರಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಯಿತು. ಮಾತಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಇರುವುದು ತಗ್ಗು ಆವೃತ್ತಿಯ ಸ್ವರಾಕ್ಷರಗಳಲ್ಲಿ. ಮಾತಿನ ತಿಳಿವಿನ ಬಹುಪಾಲು ಇರುವುದು ಎತ್ತರದ ಆವೃತ್ತಿಯ, ಬಲಹೀನವಾದ ವ್ಯಂಜನಗಳಲ್ಲಿ. ಕಾಲು, ಪಾಲು, ಸಾಲು, ಹಾಲು ಎಂದು ಹೇಳಿ ನೋಡಿ. ಜೋರಾಗಿ ಕೇಳುವುದು 'ಆಲು'. ಆದರೆ ಅರ್ಥವನ್ನು ನಿರ್ಧರಿಸುವುದು ಮೊದಲ ಕ್ಷಣದ ಆ ಸಣ್ಣ ಸದ್ದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಎತ್ತರದ ಆವೃತ್ತಿಗಳನ್ನೇ. "ಸದ್ದು ಕೇಳುತ್ತೆ, ಏನು ಅಂದರು ಅಂತ ತಿಳಿಯಲ್ಲ" ಎಂದು ಹಿರಿಯರು ಹೇಳುವುದು ಇದಕ್ಕೇ. ಹೀಗಾಗಿ ಶ್ರವಣ ಸಾಧನ ಮಾಡುವವರಿಗೆ ದಾರಿ ನಿಚ್ಚಳವಾಗಿತ್ತು: ತಗ್ಗಿನದನ್ನು ಬಿಡು, 1,000ದಿಂದ 4,000 ಹರ್ಟ್ಸ್‌ವರೆಗಿನದನ್ನು ಎತ್ತು.

ಅದೇ ಫ್ಲೆಚರ್ 1933ರಲ್ಲಿ ಇನ್ನೊಂದು ಕೆಲಸ ಮಾಡಿದರು. ಆ ವರ್ಷದ ಏಪ್ರಿಲ್ 27ರಂದು ಫಿಲಡೆಲ್ಫಿಯಾದ ಸಭಾಂಗಣದಲ್ಲಿ ಅಲ್ಲಿನ ಪ್ರಸಿದ್ಧ ವಾದ್ಯವೃಂದ ನುಡಿಸಿತು. ಕೇಳುಗರು ಕುಳಿತಿದ್ದುದು ವಾಷಿಂಗ್ಟನ್ ನಗರದ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ಅಲ್ಲಿ ವೇದಿಕೆ ಬರಿದು. ವೃಂದದ ಎದುರು ಮೂರು ಮೈಕ್ರೋಫೋನು, ನಡುವೆ ಮೂರು ಪ್ರತ್ಯೇಕ ಟೆಲಿಫೋನ್ ಮಾರ್ಗ, ಈ ತುದಿಯಲ್ಲಿ ಮೂರು ಧ್ವನಿವರ್ಧಕ. ವೃಂದದ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೋವ್‌ಸ್ಕಿ ತಮ್ಮ ವಾದ್ಯಗಾರರನ್ನು ಸಹಾಯಕರಿಗೆ ಒಪ್ಪಿಸಿ, ವಾಷಿಂಗ್ಟನ್ನಿನಲ್ಲಿ ಕುಳಿತು ಸದ್ದಿನ ಗುಬಟುಗಳನ್ನು ತಿರುಗಿಸುತ್ತಿದ್ದರು. ಈ ಮಾರ್ಗದಲ್ಲಿ ಹಾದುಹೋದ ಆವೃತ್ತಿಗಳ ವ್ಯಾಪ್ತಿ 40ರಿಂದ 15,000 ಹರ್ಟ್ಸ್. ಮೇಲೆ ಹೇಳಿದ ಟೆಲಿಫೋನಿನ 300–3,400ರ ಜೊತೆಗೆ ಇದನ್ನು ಹೋಲಿಸಿ. ಎಡಕ್ಕಿರುವ ಪಿಟೀಲು ಎಡದಿಂದಲೇ, ಬಲಕ್ಕಿರುವ ವಾದ್ಯ ಬಲದಿಂದಲೇ ಕೇಳುತ್ತಿತ್ತು. ಸ್ಟೀರಿಯೋ ಶಬ್ದದ ದೊಡ್ಡ ಸಾರ್ವಜನಿಕ ಪ್ರದರ್ಶನಗಳಲ್ಲಿ ಇದು ಮೊದಲಿನದು. ಇಂಗ್ಲೆಂಡಿನಲ್ಲಿ ಆಲನ್ ಬ್ಲಮ್‌ಲೈನ್ ಎರಡು ಮಾರ್ಗಗಳ ಸ್ಟೀರಿಯೋ ಪೇಟೆಂಟಿಗೆ 1931ರಲ್ಲೇ ಅರ್ಜಿ ಹಾಕಿದ್ದರು. ಮನೆಯ ಸ್ಟೀರಿಯೋಗೆ ಅವರೂ ಮೂಲಪುರುಷರೇ.

1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಸಮಗಟ್ಟಿತನದ ವಕ್ರರೇಖೆಗಳನ್ನು ಪ್ರಕಟಿಸಿದರು. ಸದ್ದು ಸಣ್ಣದಾದಂತೆ ನಮ್ಮ ಕಿವಿಗೆ ತಗ್ಗಿನ ಆವೃತ್ತಿಗಳು ಬೇಗನೆ ಮರೆಯಾಗುತ್ತವೆ ಎಂದು ಅವು ತೋರಿಸಿದವು. ಹಳೆಯ ಸ್ಟೀರಿಯೋಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿ ಇರುತ್ತಿತ್ತಲ್ಲ, ಅದು ಈ ವಕ್ರರೇಖೆಗಳ ಮೊಮ್ಮಗು.

ಒಂದೇ ಪ್ರಯೋಗಾಲಯ, ಒಬ್ಬನೇ ವಿಜ್ಞಾನಿ. ಮಾತಿಗೆ ಒಂದು ಕಿರಿದಾದ ದಾರಿ, ಸಂಗೀತಕ್ಕೆ ಒಂದು ಅಗಲವಾದ ದಾರಿ. ಶ್ರವಣ ಸಾಧನ ಮೊದಲನೆಯದರಲ್ಲಿ ನಡೆಯಿತು, ಸ್ಟೀರಿಯೋ ಎರಡನೆಯದರಲ್ಲಿ.

ಬೇರೆಯಾದ ದಾರಿಗಳು

ಮುಂದಿನ ಐವತ್ತು ವರ್ಷಗಳಲ್ಲಿ ಈ ಅಂತರ ಹೆಚ್ಚುತ್ತಲೇ ಹೋಯಿತು. ಸ್ಟೀರಿಯೋ ಕಡೆ 1948ರಲ್ಲಿ ಎಲ್.ಪಿ. ತಟ್ಟೆ, 1958ರ ಹೊತ್ತಿಗೆ ಅಂಗಡಿಗಳಲ್ಲಿ ಸ್ಟೀರಿಯೋ ತಟ್ಟೆ, 1982ರಲ್ಲಿ ಸಿ.ಡಿ. ಸ್ಪೀಕರು ದೊಡ್ಡದಾದಷ್ಟೂ ಒಳ್ಳೆಯದು ಎಂಬ ಭಾವನೆ. ಶ್ರವಣ ಸಾಧನದ ಕಡೆ ತದ್ವಿರುದ್ಧ. ಕಾಣದಷ್ಟು ಚಿಕ್ಕದಾಗಬೇಕೆಂಬ ಹಂಬಲ. ಸೊಂಟಕ್ಕೆ ಬ್ಯಾಟರಿ ಪೆಟ್ಟಿಗೆ ಕಟ್ಟಿಕೊಳ್ಳಬೇಕಿದ್ದ ನಿರ್ವಾತ ನಳಿಗೆಯ ಸಾಧನಗಳ ಜಾಗಕ್ಕೆ ಟ್ರಾನ್ಸಿಸ್ಟರಿನವು ಬಂದವು. 1947ರ ಕೊನೆಯಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಜನಬಳಕೆಯ ವಸ್ತುವಾಗಿ ಮೊದಲು ಬಂದದ್ದು ರೇಡಿಯೋದಲ್ಲಲ್ಲ, 1952ರ ಕೊನೆಗೆ, ಶ್ರವಣ ಸಾಧನದಲ್ಲಿ. ಟ್ರಾನ್ಸಿಸ್ಟರ್ ರೇಡಿಯೋ ಬಂದದ್ದು 1954ರಲ್ಲಿ. ಕಿವುಡರ ಶಿಕ್ಷಕ ಗ್ರಹಾಂ ಬೆಲ್ ಅವರ ಗೌರವಾರ್ಥ ಶ್ರವಣ ಸಾಧನ ತಯಾರಕರಿಂದ ಟ್ರಾನ್ಸಿಸ್ಟರಿನ ಪೇಟೆಂಟ್ ಶುಲ್ಕ ಪಡೆಯದಿರಲು ಕಂಪನಿ ನಿರ್ಧರಿಸಿತು. ಐ.ಸಿ. ಚಿಪ್ಪು ಕೂಡ 1964ರಲ್ಲಿ ಮೊದಲು ಸಾಮಾನ್ಯ ಬಳಕೆಗೆ ಬಂದದ್ದು ಕಿವಿಯ ಸಾಧನದಲ್ಲೇ.

ಆದರೆ ಈ ಎಲ್ಲ ಸುಧಾರಣೆಗಳನ್ನೂ ಅಳೆಯುತ್ತಿದ್ದುದು ಒಂದೇ ಮಾನದಂಡದಿಂದ: ಪದಗಳ ಪಟ್ಟಿ ಓದಿದಾಗ ರೋಗಿ ಎಷ್ಟನ್ನು ಸರಿಯಾಗಿ ಹೇಳಿದ? ಹಾಡು ಹೇಗೆ ಕೇಳಿತು ಎಂದು ಕೇಳಿದವರು ವಿರಳ. ಒಂದೂವರೆ ವೋಲ್ಟಿನ ಪುಟ್ಟ ಬ್ಯಾಟರಿಯ ವರ್ಧಕಕ್ಕೆ ಜೋರಾದ ಸದ್ದು ಬಂದರೆ ಅದು ತರಂಗದ ತುದಿಯನ್ನು ಕತ್ತರಿಸಿಬಿಡುತ್ತಿತ್ತು. ಸೇರಿನ ಮೇಲೆ ಗೋಪುರವಾಗಿ ನಿಂತ ಅಕ್ಕಿಯನ್ನು ಕೋಲಿನಿಂದ ಸವರಿ ಮಟ್ಟಮಾಡುತ್ತೇವಲ್ಲ, ಹಾಗೆ. ತುದಿ ಚಪ್ಪಟೆಯಾದ ತರಂಗದಲ್ಲಿ ಮೂಲದಲ್ಲಿ ಇಲ್ಲದ ಹೊಸ ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ. ಮಾತು ಕರಕರ ಎಂದರೂ ತಿಳಿಯುತ್ತದೆ. ಸಂಗೀತ ಹಾಳಾಗುತ್ತದೆ.

ಇದನ್ನು ಒಪ್ಪದಿದ್ದವರು ಅಮೆರಿಕದ ಮೀಡ್ ಕಿಲಿಯನ್. ಶ್ರವಣ ಸಾಧನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು 1979ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಹೈ-ಫೈ ಗುಣಮಟ್ಟದ ಶ್ರವಣ ಸಾಧನ. ಆಗ ಸಿಗುತ್ತಿದ್ದ ಪುಟ್ಟ ಮೈಕು, ಪುಟ್ಟ ರಿಸೀವರುಗಳಿಂದಲೇ, ಕೇಳುಗರು ಒಳ್ಳೆಯ ಸ್ಪೀಕರುಗಳ ಸಾಲಿನಲ್ಲಿ ಇಡುವಂತಹ ಸಾಧನವನ್ನು ಮಾಡಬಹುದೆಂದು ಅವರು ತೋರಿಸಿದರು. ಅವರ ಚಿಂತನೆ ಸರಳ. ಒಳಗಿವಿಯ ಹೊರ ರೋಮಕೋಶಗಳು ಸತ್ತಾಗ ಮೆಲುದನಿ ಕೇಳುವುದಿಲ್ಲ. ಆದರೆ ಬಹಳ ಜೋರಾದ ಸದ್ದು ಎಲ್ಲರಿಗೂ ಕೇಳುವಷ್ಟೇ ಜೋರಾಗಿ ಅಂತಹವರಿಗೂ ಕೇಳುತ್ತದೆ. ಹಾಗಿದ್ದಮೇಲೆ ಮೆಲ್ಲನೆಯದನ್ನು ಎತ್ತು. ಜೋರಾದದ್ದು ಬಂದಾಗ, ಸಾಧನ ಕಿವಿಯಲ್ಲಿ ಇಲ್ಲವೇ ಇಲ್ಲ ಎಂಬಂತೆ ದಾರಿ ಬಿಟ್ಟುಕೊಡು. 1980ರ ದಶಕ ಮುಗಿಯುವ ಹೊತ್ತಿಗೆ ಅವರ 'ಕೆ-ಆಂಪ್' ಚಿಪ್ಪು ಬಂತು. ಕಿವಿ ಮಂದವಾದ ಹಲವು ಸಂಗೀತಗಾರರು ಅದನ್ನು ಮೆಚ್ಚಿಕೊಂಡರು. ಅದು ಅನಲಾಗ್ ಕಾಲದ ಸಾಧನ.

96 ಡೆಸಿಬೆಲ್‌ನ ಕಿಟಕಿ

1996ರಲ್ಲಿ ಸಂಪೂರ್ಣ ಡಿಜಿಟಲ್ ಶ್ರವಣ ಸಾಧನಗಳು ಮಾರುಕಟ್ಟೆಗೆ ಬಂದವು. ಮಾತಿಗೆ ಇದು ದೊಡ್ಡ ವರವೇ ಆಯಿತು. ಆದರೆ ಸಂಗೀತದ ವಿಷಯದಲ್ಲಿ ಹೊಸ ಸಾಧನ ಹಳೆಯ ಅನಲಾಗ್ ಸಾಧನಕ್ಕಿಂತ ಕೆಟ್ಟದಾಗಿದೆ ಎಂಬ ದೂರುಗಳು ಬರತೊಡಗಿದವು. ಕೆನಡಾದ ಟೊರಾಂಟೊದಲ್ಲಿ ಸಂಗೀತಗಾರರ ಕಿವಿಗಳನ್ನೇ ನೋಡಿಕೊಳ್ಳುವ ಶ್ರವಣತಜ್ಞ ಮಾರ್ಷಲ್ ಚೇಸಿನ್ ಇದರ ಬೆನ್ನುಹತ್ತಿದರು. ಅವರು ಬಿಡಿಸಿ ಹೇಳಿದ ಕಾರಣವನ್ನು ಹೈಸ್ಕೂಲು ಗಣಿತದಿಂದಲೇ ಅರ್ಥಮಾಡಿಕೊಳ್ಳಬಹುದು.

ಮೈಕಿನಿಂದ ಬಂದ ವೋಲ್ಟೇಜನ್ನು ಮೊದಲು ಸಂಖ್ಯೆಗಳಾಗಿ ಪರಿವರ್ತಿಸಬೇಕು. ಒಂದೊಂದು ಬಿಟ್ ಹೆಚ್ಚಾದಾಗಲೂ ಅಳೆಯಬಹುದಾದ ವ್ಯಾಪ್ತಿ ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದರೆ ಸುಮಾರು 6 ಡೆಸಿಬೆಲ್. ಪರಿವರ್ತಕ 16 ಬಿಟ್‌ನದು. 16 × 6 = 96. ಹಾಗಾದರೆ ನಮ್ಮ ಹತ್ತಿರ 96 ಡೆಸಿಬೆಲ್ ಎತ್ತರದ ಒಂದು ಕಿಟಕಿ ಇದೆ. ಅದನ್ನು ಗೋಡೆಯಲ್ಲಿ ಎಲ್ಲಿ ಇಡಬೇಕು? ಒಂದು ಮೀಟರು ದೂರದ ಸಾಮಾನ್ಯ ಮಾತು ಸರಾಸರಿ 65 ಡೆಸಿಬೆಲ್. ಕ್ಷಣಿಕ ಶಿಖರಗಳು ಅದಕ್ಕಿಂತ ಸುಮಾರು 12 ಹೆಚ್ಚು, ಅಂದರೆ 77. ಗಟ್ಟಿಯಾಗಿ ಮಾತಾಡಿದರೂ 90ನ್ನು ದಾಟುವುದು ಅಪರೂಪ. ಆದ್ದರಿಂದ ಎಂಜಿನಿಯರರು ಕಿಟಕಿಯನ್ನು ಸೊನ್ನೆಯಿಂದ 96ರವರೆಗೆ ಇಟ್ಟರು. ಮಾತಿನ ಲೆಕ್ಕದಲ್ಲಿ ಅದು ನ್ಯಾಯವೇ.

ಸಂಗೀತದ ಲೆಕ್ಕ ಬೇರೆ. ಮಾತು ಹುಟ್ಟುವುದು ನಾಲಿಗೆ, ಕೆನ್ನೆ, ತುಟಿಗಳ ಮೆದುಮಾಂಸದ ನಡುವೆ. ಅವು ಕಂಪನವನ್ನು ಹೀರಿ ತಗ್ಗಿಸುತ್ತವೆ. ಮರ, ಲೋಹ, ಬಿಗಿದ ಚರ್ಮದ ವಾದ್ಯಗಳಲ್ಲಿ ಅಂತಹ ತಗ್ಗಿಸುವಿಕೆ ಕಡಿಮೆ. ಹಾಗಾಗಿ ಸಂಗೀತದ ಶಿಖರಗಳು ಸರಾಸರಿಗಿಂತ ಸುಮಾರು 18 ಡೆಸಿಬೆಲ್ ಮೇಲಿರುತ್ತವೆ. ಮನೆಯ ಸ್ಟೀರಿಯೋ ಸರಾಸರಿ 80ರಲ್ಲಿ ಹಾಡುತ್ತಿದ್ದರೆ ಶಿಖರ 98. ಕಿಟಕಿಯ ಮೇಲಂಚು 96. ಮತ್ತೆ ಅಕ್ಕಿ ಸೇರಿನ ಕಥೆ. ಆದರೆ ಈ ಸಲ ಹೆಚ್ಚಿನದನ್ನು ಸವರಿಹಾಕುವುದು ಬಾಗಿಲಲ್ಲೇ, ಯಾವ ಗಣಕಕ್ರಿಯೆಯೂ ಆರಂಭವಾಗುವ ಮೊದಲೇ. ಒಳಗಿನ ತಂತ್ರಾಂಶ ಎಷ್ಟೇ ಜಾಣತನದ್ದಾದರೂ, ಬಾಗಿಲಲ್ಲಿ ಕಳೆದುಹೋದ ತುದಿಯನ್ನು ಮತ್ತೆ ಅಂಟಿಸಲಾರದು.

ಚೇಸಿನ್ ಸೂಚಿಸಿದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಶ್ರವಣ ಸಾಧನದ ಮೈಕಿನ ರಂಧ್ರದ ಮೇಲೆ ಮೂರು ನಾಲ್ಕು ಪದರ ಸೆಲೋಟೇಪು ಅಂಟಿಸುವುದು! ಮೈಕು ಅದರಿಂದ ಸುಮಾರು 10 ಡೆಸಿಬೆಲ್‌ನಷ್ಟು ಮಂದವಾಗುತ್ತದೆ. 98 ಇದ್ದದ್ದು 88 ಆಗಿ ಕಿಟಕಿಯಲ್ಲಿ ನುಸುಳುತ್ತದೆ. ಒಳಗೆ ಬಂದ ಮೇಲೆ ಸಾಧನದ ವಾಲ್ಯೂಮನ್ನು ಅಷ್ಟೇ ಏರಿಸಿಕೊಂಡರಾಯಿತು. ಮನೆಯಲ್ಲಿ ಕೇಳುವವರಿಗೆ ಟೇಪೂ ಬೇಕಿಲ್ಲ. ಸ್ಟೀರಿಯೋದ ಗುಬಟನ್ನು ಇಳಿಸಿ ಸಾಧನದ್ದನ್ನು ಏರಿಸಿದರೆ ಅದೇ ಫಲ. ಕಿವಿ ಕೇಳದವರು ಮಾಡುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಕೇಳುವುದಿಲ್ಲವೆಂದು ಸ್ಟೀರಿಯೋವನ್ನೇ ಏರಿಸುತ್ತಾರೆ, ಅದು ಇನ್ನಷ್ಟು ಕೆಡುತ್ತದೆ. ನಮ್ಮ ಮೇಷ್ಟ್ರೂ ಅದನ್ನೇ ಮಾಡುತ್ತಿದ್ದರು. 2010ರ ದಶಕದಿಂದ ಕಿಟಕಿಯನ್ನು ಮೇಲಕ್ಕೆ ಸರಿಸಿ, 110 ಡೆಸಿಬೆಲ್ ಆಚೆಗೂ ತಡೆದುಕೊಳ್ಳುವ ಸಾಧನಗಳು ಬಂದಿವೆ. ಎಲ್ಲವೂ ಹಾಗಿಲ್ಲ, ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕು.

ತಂಬೂರಿ ಹೋದದ್ದೆಲ್ಲಿ?

ಕತ್ತರಿಸಿದ ಶಿಖರ ಮೃದಂಗವನ್ನು ಕೆಡಿಸಬಹುದು, ಏರುದನಿಯ ಗಾಯನವನ್ನು ಕೆಡಿಸಬಹುದು. ತಂಬೂರಿಯದು ಮೆಲುದನಿ. ಅದಕ್ಕೆ ಈ ಕಾರಣ ಸಾಲದು.

ಡಿಜಿಟಲ್ ಸಾಧನ ಸುತ್ತಲಿನ ಸದ್ದನ್ನು 'ಮಾತು' ಮತ್ತು 'ಗದ್ದಲ' ಎಂದು ವಿಂಗಡಿಸುತ್ತದೆ. ಹೇಗೆ? ಮಾತಿನ ಬಲ ಸೆಕೆಂಡಿಗೆ ನಾಲ್ಕಾರು ಬಾರಿ ಏರಿಳಿಯುತ್ತದೆ, ಅಕ್ಷರಕ್ಕೊಮ್ಮೆ. ಫ್ಯಾನು, ಬಸ್ಸಿನ ಎಂಜಿನ್ನು, ಮಿಕ್ಸಿಗಳ ಸದ್ದು ಒಂದೇ ಸಮ. ಒಂದೇ ಸಮನಾದದ್ದು ಗದ್ದಲ, ಅದನ್ನು ತಗ್ಗಿಸು: ಇದು ಸೂತ್ರ. ಈಗ ತಂಬೂರಿಯನ್ನು ನೆನೆಯಿರಿ. ಏರಿಳಿತವಿಲ್ಲದೆ ಅಖಂಡವಾಗಿ ಮಿಡಿಯುವುದೇ ಅದರ ಧರ್ಮ. ಕಛೇರಿಯ ಉದ್ದಕ್ಕೂ ಶ್ರುತಿ ಹಿಡಿದು ನಿಂತ ನಾದ ಸಾಧನದ ಸೂತ್ರಕ್ಕೆ ಫ್ಯಾನಿನ ಸದ್ದಿನಂತೆ ತೋರಿದರೆ ಆಶ್ಚರ್ಯವಿಲ್ಲ.

ಕೊಳಲಿಗೆ ಇನ್ನೊಂದು ಕಂಟಕ. ಸಾಧನದ ರಿಸೀವರಿನಿಂದ ಸೋರಿದ ಸದ್ದು ಮತ್ತೆ ಮೈಕಿಗೆ ಹೊಕ್ಕರೆ ಕುಂಯ್ ಎಂಬ ಶಿಳ್ಳೆ ಹುಟ್ಟುತ್ತದೆ. ಅದನ್ನು ಪತ್ತೆಹಚ್ಚಿ, ವಿರುದ್ಧ ಹಂತದ ತರಂಗವನ್ನು ಸೇರಿಸಿ ಅಳಿಸುವ ಏರ್ಪಾಡು ಒಳಗಿರುತ್ತದೆ. ಕೊಳಲಿನ ದೀರ್ಘವಾದ, ಶುದ್ಧವಾದ ಸ್ವರ ಆ ಶಿಳ್ಳೆಯಂತೆಯೇ ಇರುವುದರಿಂದ ಸಾಧನ ಅದನ್ನೂ ಅಳಿಸಲು ಹೊರಡುತ್ತದೆ. ಸ್ವರ ನಡುಗುತ್ತದೆ, ನಿಂತ ಮೇಲೆ ಒಂದು ಸುಳ್ಳು ಸ್ವರ ಬಾಲದಂತೆ ಉಳಿಯುತ್ತದೆ. ಇದಲ್ಲದೆ ಜೋರಿನದನ್ನು ಕುಗ್ಗಿಸಿ ಮೆಲ್ಲನೆಯದನ್ನು ಎತ್ತುವ ಸಂಪೀಡನ ಕ್ರಿಯೆ ಇದೆಯಷ್ಟೆ. ಮಾತಿಗಾಗಿ ಅದನ್ನು ಚುರುಕಾಗಿ ಇಟ್ಟಿರುತ್ತಾರೆ. ಮೃದಂಗದ ಒಂದು ಪೆಟ್ಟು ಬಿದ್ದೊಡನೆ ವರ್ಧನೆ ಇಳಿದು, ಹಿನ್ನೆಲೆಯ ಶ್ರುತಿಯೂ ಅದರೊಂದಿಗೆ ಮುಳುಗಿ ಮತ್ತೆ ಏಳುತ್ತದೆ. ಎರಡು ಕಿವಿಗಳ ಸಾಧನಗಳು ತಮ್ಮಷ್ಟಕ್ಕೆ ತಾವು ಹೀಗೆ ಏರಿಳಿಸುತ್ತಿದ್ದರೆ, ಎಡಬಲಗಳ ನಡುವಣ ಬಲದ ವ್ಯತ್ಯಾಸವೂ ಕಲಸಿಹೋಗುತ್ತದೆ. ಸ್ಟೀರಿಯೋ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ.

ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದಾದ ಇನ್ನೊಂದು ದೋಷವಿದೆ. ಡಿಜಿಟಲ್ ಸಾಧನಕ್ಕೆ ಲೆಕ್ಕ ಮಾಡಲು ಸಮಯ ಬೇಕು, ಸಾಮಾನ್ಯವಾಗಿ ಕೆಲವು ಮಿಲಿಸೆಕೆಂಡು. ಕಿವಿಯನ್ನು ಪೂರ್ತಿ ಮುಚ್ಚದ ಸಾಧನದಲ್ಲಿ ನೇರವಾಗಿ ಒಳಹೊಕ್ಕ ಸದ್ದೂ ತಡವಾಗಿ ಬಂದ ಸದ್ದೂ ಬೆರೆಯುತ್ತವೆ. ವಿಳಂಬ 5 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. 100 ಹರ್ಟ್ಸ್‌ನ ಆವರ್ತಕಾಲ 10 ಮಿಲಿಸೆಕೆಂಡು. 5 ಎಂದರೆ ಸರಿಯಾಗಿ ಅರ್ಧ ಅಲೆ. ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. 300, 500, 700ರಲ್ಲೂ ಹಾಗೆಯೇ. ನಡುವಿನ 200, 400, 600ರಲ್ಲಿ ಕೂಡಿಕೊಳ್ಳುತ್ತವೆ. ಬಾಚಣಿಗೆಯ ಹಲ್ಲುಗಳಂತೆ ಒಂದು ಬಿಟ್ಟು ಒಂದು. ಎರಡು ಸದ್ದುಗಳ ಬಲ ಸಮನಾಗಿರುವ ಆವೃತ್ತಿಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ದನಿ ಕೊಳವೆಯೊಳಗಿಂದ ಬಂದಂತಿರುತ್ತದೆ.

ಆದರೂ ತಂಬೂರಿಯ ನಷ್ಟಕ್ಕೆ ಮೂಲ ಕಾರಣ ಇವೆಲ್ಲಕ್ಕಿಂತ ಹಳೆಯದು. ಅದನ್ನು ತಿಳಿಯಲು ಸಿ.ವಿ. ರಾಮನ್ ಸಹಾಯಕ್ಕೆ ಬರುತ್ತಾರೆ. ಬೆಂಗಳೂರಿಗೆ ಬರುವುದಕ್ಕೆ ಹನ್ನೆರಡು ವರ್ಷ ಮುಂಚೆ, 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ ಅವರು ತಂಬೂರಿ ಮತ್ತು ವೀಣೆಗಳನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದರು. ತಂತಿಯನ್ನು ಒಂದು ಮೇಲ್‌ಸ್ವರದ ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಮೇಲ್‌ಸ್ವರ ಹುಟ್ಟಬಾರದು. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ತಂಬೂರಿ ಇದನ್ನು ಪಾಲಿಸುವುದಿಲ್ಲ, ಬರಬಾರದ ಮೇಲ್‌ಸ್ವರವೂ ಗಟ್ಟಿಯಾಗಿಯೇ ಬರುತ್ತದೆ ಎಂದು ರಾಮನ್ ತೋರಿಸಿದರು. ಕಾರಣ ಅದರ ಕುದುರೆ. ಅಗಲವಾದ, ಸ್ವಲ್ಪ ಬಾಗಿದ ಕುದುರೆಯ ಮೈಗೆ ತಂತಿ ತಾಗಿ ತಾಗಿ ಬಿಡುತ್ತದೆ. ನಡುವೆ ಸಿಕ್ಕಿಸಿದ ದಾರ ಆ ತಾಗುವಿಕೆಯನ್ನು ಹದಮಾಡುತ್ತದೆ. ನಮ್ಮ ಸಂಗೀತಗಾರರು ಜೀವಾಳಿ ಎನ್ನುವುದು ಇದನ್ನೇ. ತಂಬೂರಿಯ ಜೀವ ಅದರ ಮೂಲ ಸ್ವರದಲ್ಲಿಲ್ಲ, ಮೇಲಿನ ಹೊಳಪಿನಲ್ಲಿದೆ. ಗಂಡಸರ ಶ್ರುತಿಯ ಷಡ್ಜ ಸುಮಾರು 140 ಹರ್ಟ್ಸ್ ಎಂದಿಟ್ಟುಕೊಂಡರೆ ಅದರ ನಲವತ್ತನೆಯ ಮೇಲ್‌ಸ್ವರ 5,600. ಬಹಳಷ್ಟು ಶ್ರವಣ ಸಾಧನಗಳ ಶಕ್ತಿ ಕುಂದುವುದು ಆ ಎಡೆಯಲ್ಲೇ, 5,000–6,000 ಹರ್ಟ್ಸ್ ಸುತ್ತಮುತ್ತ. ಟೆಲಿಫೋನಿನ ಮಗು ಕೊನೆಗೂ ತನ್ನ ಮನೆತನದ ಗುರುತನ್ನು ಬಿಟ್ಟಿಲ್ಲ.

ಸಾಧನವನ್ನೇ ಪೂರ್ತಿ ದೂರುವುದೂ ಸರಿಯಲ್ಲ. ಒಳಗಿವಿಯ ಯಾವುದಾದರೊಂದು ಭಾಗದಲ್ಲಿ ಒಳ ರೋಮಕೋಶಗಳು ಸಂಪೂರ್ಣ ನಾಶವಾಗಿದ್ದರೆ ಅಲ್ಲಿಗೆ ಎಷ್ಟು ಸದ್ದು ಕಳಿಸಿದರೂ ಸ್ವರವಾಗಿ ಕೇಳುವುದಿಲ್ಲ. ಬರೀ ಗೊರಗೊರ ಎನಿಸುತ್ತದೆ. ಇಂತಹ 'ಸತ್ತ ಪ್ರದೇಶ'ಗಳನ್ನು ಚಿಕಿತ್ಸಾಲಯದಲ್ಲೇ ಪತ್ತೆಮಾಡುವ ಪರೀಕ್ಷೆಯನ್ನು ಕೇಂಬ್ರಿಜ್‌ನ ಬ್ರಯನ್ ಮೂರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಅಂತಹ ಕಿವಿಗೆ ಎತ್ತರದ ಆವೃತ್ತಿಗಳನ್ನು ಕಡಿಮೆ ಮಾಡಿದರೇ ಸಂಗೀತ ಹಿತ.

ಇದೇ ಮೂರ್ ಅವರು ಸಾರಾ ಮ್ಯಾಡ್ಸನ್ ಜೊತೆಗೆ 523 ಮಂದಿ ಶ್ರವಣ ಸಾಧನ ಬಳಕೆದಾರರನ್ನು ಸಂಗೀತದ ಬಗ್ಗೆಯೇ ವಿಚಾರಿಸಿ 2014ರಲ್ಲಿ ವರದಿ ಮಾಡಿದ್ದಾರೆ. ಬಹಳಷ್ಟು ಜನ ಸಾಧನದಿಂದ ಉಪಯೋಗವಿದೆ ಎಂದೇ ಹೇಳಿದರು. ಎದುರು ಕುಳಿತು ಕೇಳುವ ಸಂಗೀತಕ್ಕಿಂತ ಧ್ವನಿಮುದ್ರಿತ ಸಂಗೀತಕ್ಕೆ ಹೆಚ್ಚು. ವಿಕೃತಿ, ಶಿಳ್ಳೆ, ತಗ್ಗು ಸ್ವರಗಳ ಕೊರತೆಗಳು ಅವರ ದೂರಿನ ಪಟ್ಟಿಯಲ್ಲಿದ್ದವು. ಮನೆಯ ಸ್ಟೀರಿಯೋಗೆ ಇರುವ ಅನುಕೂಲ ಅದರ ಗುಬಟು ನಮ್ಮ ಕೈಯಲ್ಲಿರುವುದು.

ಮೈಕನ್ನೇ ಬಳಸದ ದಾರಿಯೂ ಇದೆ. ಟೆಲಿಫೋನ್ ರಿಸೀವರಿನಿಂದ ಸೋರುವ ಕಾಂತಕ್ಷೇತ್ರವನ್ನು ಸುರುಳಿಯೊಂದರಿಂದ ಹಿಡಿದು, ಫ್ಯಾರಡೆಯ ಪ್ರೇರಣೆಯ ತತ್ತ್ವದಂತೆ ಮಾತನ್ನು ಮರಳಿ ಪಡೆಯುವ 'ಟೆಲಿಕಾಯಿಲ್' 1930ರ ದಶಕದ್ದು. ಕೋಣೆಯ ಸುತ್ತ ಒಂದು ತಂತಿಯ ಕುಣಿಕೆ ಹಾಕಿ ಸೂಕ್ತ ವರ್ಧಕದ ಮೂಲಕ ಸ್ಟೀರಿಯೋವನ್ನು ಅದಕ್ಕೆ ಜೋಡಿಸಿದರೆ ಸಂಗೀತ ಗಾಳಿಯ ಹಂಗಿಲ್ಲದೆ ಸಾಧನಕ್ಕೆ ಬರುತ್ತದೆ. ಎಡಬಲ ಎರಡೂ ಒಂದಾಗಿ ಬರುವುದು ಅದರ ಕೊರತೆ. ಈಗ ಆ ಕೆಲಸವನ್ನು ಬ್ಲೂಟೂತ್ ಮಾಡುತ್ತಿದೆ, ಎರಡು ಕಿವಿಗೂ ಬೇರೆ ಬೇರೆಯಾಗಿ. ಆದರೆ ತೆರೆದ ಸಾಧನದಿಂದ ತಗ್ಗು ಸ್ವರಗಳು ಸೋರಿಹೋಗುವುದರಿಂದ ಮಂದ್ರ ತೆಳುವಾಗುತ್ತದೆ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಸೇರಿ 'ಕೆಡೆನ್ಜಾ' ಎಂಬ ಯೋಜನೆಯಲ್ಲಿ, ಕಿವಿ ಮಂದವಾದವರಿಗೆ ಹೊಂದುವಂತೆ ಸಂಗೀತವನ್ನೇ ಮರುಹದ ಮಾಡುವ ತಂತ್ರಾಂಶಗಳ ಸ್ಪರ್ಧೆಗಳನ್ನು ನಡೆಸಿವೆ.

ಅಷ್ಟು ದೂರ ಹೋಗದೆಯೂ ಮಾಡಬಹುದಾದದ್ದಿದೆ. ಡಿಜಿಟಲ್ ಸಾಧನಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು 'ಪ್ರೋಗ್ರಾಂ'ಗಳನ್ನು ತುಂಬಲು ಸ್ಥಳವಿರುತ್ತದೆ. ಮಾತಿಗೊಂದು, ಸಂಗೀತಕ್ಕೊಂದು. ಎರಡನೆಯದರಲ್ಲಿ ಗದ್ದಲ ಕಳೆಯುವ ಏರ್ಪಾಡನ್ನು ಆರಿಸಬೇಕು, ಶಿಳ್ಳೆ ಅಳಿಸುವುದನ್ನು ನಿಧಾನಗೊಳಿಸಬೇಕು, ಸಂಪೀಡನವನ್ನು ಮೆದುಗೊಳಿಸಬೇಕು. ತರಬೇತಿ ಪಡೆದ ಶ್ರವಣತಜ್ಞರಿಗೆ ಇದು ಕೆಲವು ನಿಮಿಷಗಳ ಕೆಲಸ. ಇಂತಹ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಆದರೆ ಕೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ. ಸಾಧನ ಕೊಡುವಾಗ "ಮಾತು ಕೇಳುತ್ತದೆಯೆ?" ಎಂದು ವಿಚಾರಿಸುತ್ತಾರೆ. ಮೇಷ್ಟ್ರನ್ನೂ ಅಷ್ಟೇ ಕೇಳಿದ್ದರು. ಕೇಳುತ್ತದೆ ಎಂದು ಹೇಳಿ ಎದ್ದು ಬಂದಿದ್ದರು.

ಇವನ್ನೆಲ್ಲ ಓದಿದ ಮೇಲೆ ಒಂದು ಭಾನುವಾರ ಸೆಲೋಟೇಪು, ಕತ್ತರಿ ಹಿಡಿದು ಅವರ ಮನೆಗೆ ಹೋದೆ. ಮೈಕಿನ ಮೇಲೆ ಮೂರು ಪದರ ಅಂಟಿಸಿ, ಸ್ಟೀರಿಯೋ ಇಳಿಸಿ, ಸಾಧನ ಏರಿಸಿದೆವು. ಮುಂದಿನ ವಾರ ಅವರೇ ತಜ್ಞರ ಹತ್ತಿರ ಹೋಗಿ ಸಂಗೀತದ ಪ್ರೋಗ್ರಾಂ ಹಾಕಿಸಿಕೊಂಡು ಬಂದು ಫೋನು ಮಾಡಿದರು. ಪಿಟೀಲು ಕಿರುಚುವುದು ನಿಂತಿದೆ, ಮೃದಂಗದ ಎಡ ಬಲ ಬೇರೆ ಬೇರೆ ತಿಳಿಯುತ್ತದೆ ಎಂದರು. ತಂಬೂರಿ ಏನಾಯಿತು ಸಾರ್ ಎಂದೆ.

"ಪಂಚಮ ಬಂತಯ್ಯ. ಷಡ್ಜವೂ ಬಂತು. ಜೀವಾಳಿ ಬರಲಿಲ್ಲ."